ನೂರು ಮಾರು ದಾರ

"ಗುರುಗಳೇ, ನಾನು ಕಲಿತದ್ದು ಸಾಕಾದೀತೆ?"

ಹೀಗೆ ಕೇಳಿದವನು ಬಸವಂತ. ಹನ್ನೆರಡು ವರ್ಷ ಆಶ್ರಮದಲ್ಲಿದ್ದ ಶಿಷ್ಯ. ಮರುದಿನ ಬೆಳಿಗ್ಗೆ ದೂರದ ಊರೊಂದಕ್ಕೆ ಮಕ್ಕಳಿಗೆ ಪಾಠ ಹೇಳಲು ಹೊರಡುವವನಿದ್ದ. ಗುರುಗಳು ಈ ಕತೆ ಹೇಳಿದರು.

ಹೊಳೆದಂಡೆಯ ಊರಿನಲ್ಲಿ ಒಬ್ಬ ಬೆಸ್ತನಿದ್ದ. ಅವನಿಗೆ ಐದು ವರ್ಷವಾಗಿದ್ದಾಗ ತಂದೆ ತೀರಿಕೊಂಡ. ಸೋದರಮಾವನ ಊರಿನ ಕೆರೆಯಲ್ಲಿ ಬಲೆ ಬೀಸುವುದನ್ನು ಕಲಿತು ದೊಡ್ಡವನಾದ. ತಂದೆಯದೆಂದು ಅವನಿಗೆ ಉಳಿದ ನೆನಪು ಒಂದೇ. ಹೆಗಲ ಮೇಲೆ ಆಳುದ್ದದ ಮೀನು, ನೆಲ ಸವರುತ್ತಿದ್ದ ಅದರ ಬಾಲ. ಆಮೇಲೆ ಅಂಥ ಮೀನನ್ನು ಆ ಊರು ಕಂಡಿರಲಿಲ್ಲ.

ನಡುವಯಸ್ಸಿನಲ್ಲಿ ಊರಿಗೆ ಮರಳಿದ ಅವನಿಗೆ ಆ ಮೀನಿನದೇ ಹಂಬಲ ಹತ್ತಿತು. ಅಂಥ ಮೀನಿರುವುದು ಬಂಡೆಗಳ ನಡುವಿನ ಮಡುವಿನಲ್ಲಿ; ಅಲ್ಲಿ ಬಲೆ ಬೀಸಿದರೆ ಹರಿದುಹೋಗುತ್ತದೆ. ಗಾಳವೇ ಬೇಕು. ಪೇಟೆಗೆ ಹೋದ. ಅಂಗಡಿಯವನು ಗಾಳದ ದಾರ ಸುತ್ತುವ, ಅಂಗೈಯಲ್ಲಿ ಅಡಗುವಂಥ ರೀಲೊಂದನ್ನು ತೋರಿಸಿದ. ಹಗುರ, ನುಣುಪು, ಮುಟ್ಟಿದರೆ ತಿರುಗುತ್ತಿತ್ತು.

"ಇದು ಎಷ್ಟು ದಾರ ಹಿಡಿಯುತ್ತದೆ?"

"ತೆಳು ದಾರವಾದರೆ ನೂರು ಮಾರು. ದೊಡ್ಡ ಮೀನಿಗೆ ಬೇಕಾದ ದಪ್ಪ ದಾರ ಇದರಲ್ಲಿ ಮೂವತ್ತು ಮಾರೂ ಕೂರುವುದಿಲ್ಲ. ಯಾವ ಮೀನು ಮನಸ್ಸಿನಲ್ಲಿದೆಯೋ ಅದಕ್ಕೆ ತಕ್ಕದ್ದು ತಗೋ ಅಣ್ಣ."

ಬೆಸ್ತ ಅದನ್ನು ಕೆಳಗಿಟ್ಟ. ನೂರು ಮಾರು ದಪ್ಪ ದಾರ ಹಿಡಿಯುವ, ಕಲ್ಲಿನಷ್ಟು ಭಾರದ ರೀಲನ್ನು ಆರಿಸಿಕೊಂಡ. ಅದು ಜಾಣ ಆಯ್ಕೆಯೇ.

ಇಪ್ಪತ್ತು ದಿನ ಮಡುವಿನ ಬಳಿ ಕಾದ. ಕೊನೆಗೊಂದು ದಿನ ಮೀನು ಕಚ್ಚಿತು; ಕಚ್ಚಿದ್ದೇ ಹೊಳೆ ಹರಿಯುವತ್ತ ಓಡಿತು. ಐವತ್ತು ಮಾರು ಹೋಯಿತು, ಎಂಬತ್ತು ಹೋಯಿತು, ಕೊನೆಯ ಸುತ್ತೂ ಬಿಚ್ಚಿತು. ಅವನು ಬಂಡೆಗೆ ಕಾಲು ಕೊಟ್ಟು ಹಿಡಿದು ನಿಂತ. ದಾರ ಬಿಗಿದು ಟಣ್ಣೆಂದು ತುಂಡಾಯಿತು.

ಮನೆಗೆ ಬಂದಾಗ ಮುದಿ ತಾಯಿ ರೊಟ್ಟಿ ತಟ್ಟುತ್ತಿದ್ದಳು.

"ಇನ್ನೂ ದೊಡ್ಡ ರೀಲು ತರಬೇಕವ್ವಾ. ಅಪ್ಪನ ಹತ್ತಿರ ಎಷ್ಟು ಮಾರು ದಾರವಿತ್ತು?"

ತಾಯಿ ನಕ್ಕಳು. "ನಲವತ್ತು ಮಾರು, ಮಗಾ. ಮರದ ತುಂಡಿಗೆ ಸುತ್ತಿಕೊಂಡಿದ್ದ. ಅದು ಮುಗಿದ ಕೂಡಲೇ ಪಂಚೆ ಎತ್ತಿ ಕಟ್ಟಿ ಹೊಳೆಗೆ ಇಳಿದುಬಿಡುತ್ತಿದ್ದ. ಮೀನು ಎಳೆದತ್ತ ಈಜುವುದು ಅವನ ಕೆಲಸ. ಬುತ್ತಿ ಹಿಡಿದು ದಡದ ಮೇಲೆ ಅವನ ಸಮಕ್ಕೆ ನಡೆಯುವುದು ನನ್ನದು. ಕೆಲವು ಸಲ ಎರಡೂರು ದಾಟುತ್ತಿದ್ದೆವು. ಹಸಿವಾಯಿತೇ ಅಂತ ನಾನು ಕೂಗಿದರೆ, ನೀನು ತಿನ್ನೇ ಅಂತ ನೀರಿನಿಂದ ಕೂಗುತ್ತಿದ್ದ."

ಅವಳು ಹೇಳುತ್ತಿರುವಂತೆಯೇ ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಇಬ್ಬರೂ ಅದನ್ನು ಗಮನಿಸಲಿಲ್ಲ.

ಬೆಸ್ತ ಬೇರೆ ರೀಲು ತರಲಿಲ್ಲ. ಇದ್ದ ರೀಲಿಗೇ ಮತ್ತೆ ದಾರ ಸುತ್ತಿದ. ಚಳಿಗಾಲ ಕಳೆಯುವ ಹೊತ್ತಿಗೆ ಇನ್ನೊಂದು ಮೀನು ಕಚ್ಚಿತು. ದಾರ ಮತ್ತೆ ಮುಗಿಯಿತು. ಈ ಸಲ ಅವನು ನೀರಿಗೆ ಇಳಿದ. ಮೊದಲು ಎದೆಮಟ್ಟದ ನೀರಿನಲ್ಲಿ ನಡೆದು, ಆಮೇಲೆ ಈಜಿ, ಮಧ್ಯಾಹ್ನದವರೆಗೆ ಮೀನಿನ ಹಿಂದೆ ಹೋದ. ನಡುಹೊಳೆಯಲ್ಲಿ ಒಮ್ಮೆ ತಿರುಗಿ ದಡ ನೋಡಿದ. ಅಲ್ಲಿ ಯಾರೂ ನಡೆಯುತ್ತಿರಲಿಲ್ಲ. ಆದರೂ ಬಹಳ ಹೊತ್ತು ಅತ್ತಲೇ ನೋಡಿದ.

ಮರಳುದಿಣ್ಣೆಯ ಬಳಿ ಮೀನು ಸೋತು ನಿಂತಿತು.

ಸಂಜೆ ಅದನ್ನು ಹೊತ್ತು ತಂದಾಗ ತಾಯಿ ಮೀನಿನ ತೂಕ ಕೇಳಲಿಲ್ಲ. ಮಗನ ಪಂಚೆಯ ಅಂಚು ಹಿಂಡುತ್ತಾ, "ಎಲ್ಲಿವರೆಗೆ ಹೋಗಿದ್ದೆ?" ಎಂದಷ್ಟೇ ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಬಸವಂತ, "ಹಾಗಾದರೆ ನನ್ನ ಕಲಿಕೆ ನೂರು ಮಾರೋ, ನಲವತ್ತೋ?" ಎಂದ.

"ಎಷ್ಟಿದ್ದರೂ ಒಂದು ದಿನ ಮುಗಿಯುತ್ತದೆ, ಬಸವಂತ. ನೀರಿಗೆ ಇಳಿಯುತ್ತೀಯೋ ಇಲ್ಲವೋ, ಅದನ್ನು ಹೇಳು."