ಮರಳಲ್ಲಿ ಕಾದವರು

"ಯಾರಿಗೂ ಬೇಡವಾಗಿ ಬಿದ್ದಿರುವುದನ್ನು ಎತ್ತಿಕೊಂಡು ಒಳ್ಳೆಯದಕ್ಕೇ ಬಳಸಿದರೆ, ಅದರಲ್ಲಿ ತಪ್ಪು ಎಲ್ಲಿದೆ ಗುರುಗಳೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಸೌದೆ ಒಡೆಯುತ್ತಿದ್ದರು. ಕೊಡಲಿ ಕೆಳಗಿಟ್ಟು ಕೂತು ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಬಿಸಾಡಿದ ಮರದಿಂದ ವಿಮಾನಕ್ಕೆ ಹಾಕುವ ಎಣ್ಣೆ ತೆಗೆಯುವುದು ಅವನ ಕಸುಬು. ಸಾಮಿಲ್ಲಿನ ಹೊಟ್ಟು, ಒಡೆದ ಹಣ್ಣಿನ ಪೆಟ್ಟಿಗೆ, ಗೆದ್ದಲು ಹಿಡಿದ ತೊಲೆ, ಎಲ್ಲವೂ ಅವನ ಕಾರ್ಖಾನೆಗೆ ಹೋಗುತ್ತಿದ್ದವು. ಕೆಟ್ಟ ಕೆಲಸವೇನಲ್ಲ. ನೆಲದಡಿಯ ಎಣ್ಣೆ ಸುಡುವುದು ಅಷ್ಟು ಕಡಿಮೆಯಾಯಿತು. ಅದಕ್ಕಾಗಿ ಒಂದು ಹಸಿ ಮರವನ್ನೂ ಅವನು ಕಡಿಸಲಿಲ್ಲ. ಆದರೆ ಅವನ ಎಣ್ಣೆ ದುಬಾರಿಯಾಗಿತ್ತು. ಬಡವರೂ ವಿಮಾನ ಹತ್ತುವ ಹಾಗೆ ಅಗ್ಗವಾಗಬೇಕು ಎಂಬುದು ಅವನ ಹಟ. ಅದಕ್ಕೆ ಪುಕ್ಕಟೆ ಮರ ಇನ್ನಷ್ಟು ಬೇಕಿತ್ತು.

ಹೊಳೆದಂಡೆಯ ಸುಡುಗಾಡಿನಲ್ಲಿ ಕಟ್ಟಿಗೆಯ ಒಂದು ರಾಶಿ ಅವನ ಕಣ್ಣಿಗೆ ಬಿತ್ತು. ಹೆಣ ಸುಡಲು ತಂದ ಕಟ್ಟಿಗೆಯಲ್ಲಿ ಮಿಕ್ಕಿದ್ದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಅಲ್ಲೇ ಬಿಟ್ಟು ಹೋಗುತ್ತಾರೆ. ವ್ಯಾಪಾರಿ ಲಾರಿ ತರಿಸಿದ. ಸುಡುಗಾಡು ಕಾಯುವ ಮುದುಕ ಅಡ್ಡ ಬಂದ.

"ಅದು ಕಸ ಅಲ್ಲ ಧಣಿ. ಹೆಸರಿಲ್ಲ, ಊರಿಲ್ಲ ಅಂತ ಬರೋ ಹೆಣ ಇರ್ತವಲ್ಲ, ಅವಕ್ಕೆ ಇಟ್ಟಿರೋದು."

"ಅಂಥವರು ವರ್ಷಕ್ಕೆ ಎಷ್ಟು ಜನ ಬಂದಾರು ಅಜ್ಜ? ಅವರೇನು ಸೀಟು ಬುಕ್ ಮಾಡಿದಾರಾ?" ಎಂದು ವ್ಯಾಪಾರಿ ನಕ್ಕ. ಲಾರಿ ತುಂಬಿತು.

ಆಮೇಲೆ ತಿಂಗಳಿಗೊಮ್ಮೆ ಲಾರಿ ಬಂದು ಹೋಗುತ್ತಿತ್ತು. ದಿಕ್ಕಿಲ್ಲದ ಹೆಣ ಬಂದಾಗ ಮುದುಕನ ಬಳಿ ಒಂದು ಕೊರಡೂ ಇರುತ್ತಿರಲಿಲ್ಲ. ಕಟ್ಟಿಗೆ ಬರುವವರೆಗೆ ತಡೆದುಕೊಳ್ಳಿ ಎಂದು ಸತ್ತವರಿಗೇ ಹೇಳಿ ಅವರನ್ನು ಹೊಳೆಯ ಮರಳಿನಲ್ಲಿ ಮುಚ್ಚಿಡುತ್ತಿದ್ದ. ವರ್ಷ ಕಳೆಯುವುದರೊಳಗೆ ಒಂಬತ್ತು ದಿಬ್ಬಗಳಾದವು. ವ್ಯಾಪಾರಿಗೆ ಹೇಳಿ ಕಳಿಸಿದ. ಮುಂದಿನ ತಿಂಗಳು ನೋಡೋಣ ಎಂಬ ಉತ್ತರ ಬಂತು.

ಎಣ್ಣೆ ಅಗ್ಗವಾಯಿತು. ವ್ಯಾಪಾರಿ ದೂರದ ಪಟ್ಟಣದಲ್ಲಿದ್ದಾಗ, ತಾಯಿಗೆ ಕೊನೆಗಾಲ ಬಂದಿದೆ ಎಂದು ಸುದ್ದಿ ಮುಟ್ಟಿತು. ಅವಳಿಗೆ ಇವನೊಬ್ಬನೇ ಮಗ. ಉಸಿರಿರುವಾಗ ಮುಖ ನೋಡಬೇಕು, ಹೋದ ಮೇಲೆ ತಾನೇ ಬೆಂಕಿ ಇಡಬೇಕು. ಮಧ್ಯಾಹ್ನದ ವಿಮಾನ ಹತ್ತಿದ. ಅದು ಹಾರುತ್ತಿದ್ದುದು ಅವನ ಎಣ್ಣೆಯಲ್ಲೇ.

ಹತ್ತುವಾಗ ಸುತ್ತಲಿನ ಸೀಟುಗಳು ಖಾಲಿ ಇದ್ದವು. ಮೇಲೇರಿದ ಮೇಲೆ ನೋಡಿದರೆ ಖಾಲಿ ಇರಲಿಲ್ಲ. ಒಂಬತ್ತು ಜನ ಕೂತಿದ್ದರು. ಯಾರೂ ಬೆಲ್ಟು ಹಾಕಿರಲಿಲ್ಲ. ಬಟ್ಟೆ ಒದ್ದೆ. ಪಾದಗಳಲ್ಲಿ ಮರಳು. ನೀರು ಕೊಡುತ್ತ ಬಂದ ಗಗನಸಖಿ ಅವರನ್ನು ಕೇಳದೆ ಮುಂದೆ ಹೋದಳು.

ಎಲ್ಲಿಗೆ ಹೊರಟಿರಿ ಎಂದು ವ್ಯಾಪಾರಿ ಪಕ್ಕದವನನ್ನು ಕೇಳಿದ.

"ನಮ್ಮ ಕಟ್ಟಿಗೆ ಎಲ್ಲಿಗೆ ಹೋಗುತ್ತೋ ಅಲ್ಲಿಗೆ" ಎಂದು ಅವನು ಮೆಲ್ಲಗೆ ಹೇಳಿದ. "ಬೆಚ್ಚಗಾಗೋದು ಯಾವಾಗ ಅಂತ ಕಾಯ್ತಾ ಇದೀವಿ."

ವಿಮಾನ ಇಳಿಯುವವರೆಗೂ ವ್ಯಾಪಾರಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಮನೆ ಮುಟ್ಟಿದಾಗ ತಾಯಿಗೆ ಇನ್ನೂ ಎಚ್ಚರವಿತ್ತು. ಮಗನನ್ನು ನೋಡಿದಳು. ಆಮೇಲೆ ಅವನ ಬೆನ್ನ ಹಿಂದೆ ನೋಡಿದಳು.

"ಬಂದವರನ್ನ ಹೊಸ್ತಿಲಲ್ಲೇ ನಿಲ್ಲಿಸಿದೀಯಲ್ಲೋ ಮಗಾ. ಒಳಗೆ ಕರಿ."

ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಒದ್ದೆ ಮರಳಿತ್ತು.

ಮರುದಿನ ಬೆಳಿಗ್ಗೆ ಅವಳು ತೀರಿಕೊಂಡಳು. ವ್ಯಾಪಾರಿ ಅದೇ ಸುಡುಗಾಡಿಗೆ ಒಂದು ಗಾಡಿ ಒಣಕಟ್ಟಿಗೆ ತರಿಸಿ, ಚಿತೆಗೆ ಬೆಂಕಿ ಇಟ್ಟ. ಅಷ್ಟು ಕಟ್ಟಿಗೆಯೂ ಹುಲ್ಲಿನ ಹಾಗೆ ಉರಿದು ಬೂದಿಯಾಯಿತು. ತಾಯಿಯ ಸೀರೆಯ ಅಂಚು ಕೂಡ ಕಂದಲಿಲ್ಲ. ಮುದುಕ ಹೊಳೆಯ ಕಡೆ ನೋಡಿದ. ಮರಳಿನ ಒಂದು ದಿಬ್ಬ ಕುಸಿದು ನೆಲಸಮವಾಗಿತ್ತು.

"ಮುಂಚೆ ಬಂದೋರು ಇದಾರೆ ಧಣಿ" ಎಂದ.

ಎರಡನೆಯ ಗಾಡಿ ಬಂತು. ಮೂರನೆಯದು ಬಂತು. ಉರಿ ಏಳುತ್ತಿತ್ತು, ಒಂದು ದಿಬ್ಬ ಕುಸಿಯುತ್ತಿತ್ತು, ತಾಯಿ ಮಲಗಿದ ಹಾಗೇ ಇರುತ್ತಿದ್ದಳು. ವ್ಯಾಪಾರಿ ಮರಳಿಗೆ ಹಣೆ ಹಚ್ಚಿದ. ನಿಮಗೆ ಎಷ್ಟು ಕಟ್ಟಿಗೆ ಬೇಕಾದರೂ ತರುತ್ತೇನೆ, ಮೊದಲು ನನ್ನ ಅವ್ವನನ್ನು ಕಳಿಸಿಕೊಡಿ ಎಂದು ಬೇಡಿಕೊಂಡ. ಮರಳು ತಣ್ಣಗಿತ್ತು. ಕೊನೆಗೆ ಆಳುಗಳೂ ಹೆದರಿ ಹೋದರು. ಉಳಿದ ಗಾಡಿಗಳನ್ನು ಅವನೇ ಇಳಿಸಿದ, ಅವನೇ ಒಟ್ಟಿದ. ಒಂಬತ್ತನೆಯ ಉರಿ ಆರಿದಾಗ ಹೊತ್ತು ಇಳಿಯುತ್ತಿತ್ತು. ಹತ್ತನೆಯ ಗಾಡಿಗೆ ಕಿಡಿ ಸೋಕಿದ ಕೂಡಲೇ ತಾಯಿ ಹತ್ತಿಕೊಂಡಳು.

ಗುರು ಮತ್ತೆ ಕೊಡಲಿ ಎತ್ತಿಕೊಂಡರು. ಶಿಷ್ಯನಿಗೆ ಸಿಟ್ಟು ಬಂದಿತ್ತು. ಕಟ್ಟಿಗೆ ಒಯ್ದವನು ಮಗ, ಆ ಮುದುಕಿ ಅವರಿಗೇನು ಮಾಡಿದ್ದಳು, ಹಗಲೆಲ್ಲ ಅವಳನ್ನು ಬಿಸಿಲಲ್ಲಿ ತಡೆದು ನಿಲ್ಲಿಸಿದರಲ್ಲ, ಅವರೂ ಎಂಥ ಜನ ಎಂದ.

"ತಡೆದದ್ದು ಅವರಲ್ಲ" ಎಂದರು ಗುರು, "ಮನೆಗೆ ಬಂದವರು ಉಣ್ಣದೆ ಆಕೆ ಒಂದು ದಿನವೂ ಎಲೆಯ ಮುಂದೆ ಕೂತವಳಲ್ಲ."