ನೂರಾ ಹದಿನಾಲ್ಕನೇ ಸಾಮಾನು

ಈ ಕತೆಯೊಳಗಿನ ಒಂದೊಂದು ಮಾತೂ ಖರೆ. ಸುಳ್ಳಾಗಿದ್ದರೆ, ಏಳೂರಿನ ಗಂಡಸರು ಹೊಟ್ಟೆಕಿಚ್ಚುಪಡುವ ಈ ನನ್ನ ಮೀಸೆಯನ್ನು ನಡುಬೀದಿಯಲ್ಲಿ ಬೋಳಿಸಿಬಿಡಿ.

ಫಕೀರವ್ವನಿಗೆ ದ್ಯಾಮಣ್ಣ ಒಬ್ಬನೇ ಮಗ. ಕೂಡು ಅಂದರೆ ಕೂಡುವವ, ಏಳು ಅನ್ನುವತನಕ ಏಳದವ. ಅಂಥವನಿಗೆ ಊರ ಮುಂದಿನ ಹಳೇಮನೆಗಳ ವಸ್ತುಸಂಗ್ರಹಾಲಯದಲ್ಲಿ ಕಾವಲು ಕೆಲಸ ಸಿಕ್ಕಿತು. ಕಾಡು ಕಡಿದು ಮೊದಲು ಊರು ಕಟ್ಟಿದವರ ಮನೆಗಳವು. ಕುಂಬಾರನದೊಂದು, ನೇಕಾರನದೊಂದು, ಗಾಣದವನದೊಂದು. ಒಳಗೆ ನೂರಾ ಹದಿಮೂರು ಸಾಮಾನು. ಒಂದೊಂದರ ಮೇಲೂ ನಂಬರು, ಕೊಟ್ಟವರ ಹೆಸರು.

ಪಕ್ಕದೂರಿನ ಚೌಡಪ್ಪ ಹೇಳಿಕಳಿಸಿದ: "ಹುಡುಗನ ನೌಕರಿ ಒಂದು ತಿಂಗಳು ನಿಲ್ಲಲಿ. ನಮ್ಮ ಸಾವಂತ್ರಿನ್ನ ಕೊಡ್ತೀವಿ."

ಫಕೀರವ್ವ ಮಗನ ಗದ್ದ ಹಿಡಿದಳು. "ಯಪ್ಪಾ, ಸಾಹೇಬ್ರು ಹೇಳಿದ್ದಷ್ಟ ಮಾಡು. ನಿನ್ನ ಬುದ್ಧಿ ಖರ್ಚು ಮಾಡಬ್ಯಾಡ!"

"ಆತು ಯವ್ವಾ."

ಸಂಗ್ರಹಾಲಯದ ಮೇಲಧಿಕಾರಿ ಬೆಣ್ಣಿ ಸಾಹೇಬ್ರು ಮೊದಲ ದಿನ ಹೇಳಿದರು: "ಈ ಮನಿಗಳ ಒಳಗಿರೋದು ಒಂದೂ ಹೊರಗ ಹೋಗಬಾರದು!"

ಮಧ್ಯಾಹ್ನ ಮಹಿಳಾ ಸಂಘದ ಹದಿನೆಂಟು ಹೆಂಗಸರು ಕುಂಬಾರನ ಮನೆ ನೋಡಲು ಹೊಕ್ಕರು. ದ್ಯಾಮಣ್ಣ ಹೊರಗಿನಿಂದ ಅಗುಳಿ ಹಾಕಿದ.

"ಬಾಗಿಲ ತಗಿಯೋ!"

"ಒಳಗಿರೋದು ಹೊರಗ ಹೋಗಂಗಿಲ್ರೀ!"

ಸಾಹೇಬ್ರು ಬಂದು ತೆಗೆಯುವ ಹೊತ್ತಿಗೆ ಅವರು ಬುತ್ತಿ ಮುಗಿಸಿ, ಎರಡು ಜಗಳ ಮುಗಿಸಿ, ಮೂರನೆಯದಕ್ಕೆ ಸೆರಗು ಬಿಗಿದಿದ್ದರು.

"ಏ ಮಂಕ! ಹೊರಗಿಂದ ಬಂದದ್ದನ್ನ ಹೊರಗ ಕಳಸಬೇಕೋ! ಸಂಜೀ ಐದಕ್ಕ ಎಲ್ಲಾ ಅವರವರ ಮನೀಗೆ!"

"ಆತ್ರೀ ಸಾಹೇಬ್ರ."

ಮರುದಿನ ಸಂಜೆ ಐದಕ್ಕೆ ದ್ಯಾಮಣ್ಣ ಚಕ್ಕಡಿ ಹೂಡಿದ. ತೊಟ್ಟಿಲು ಗೌಡರ ಮನೆಗೆ, ಒರಳು ಶೆಟ್ಟರ ಮನೆಗೆ, ರಾಟಿ ಹಾಲಪ್ಪನ ಮನೆಗೆ. ಎಲ್ಲ ಹೊರಗಿನಿಂದ ಬಂದದ್ದೇ ಅಲ್ಲವೇ! ಸಾಹೇಬ್ರು ಓಡಿಬಂದರೆ ಗೌಡರ ಸೊಸೆ ಆಗಲೇ ತೊಟ್ಟಿಲಲ್ಲಿ ಕೂಸು ಮಲಗಿಸಿದ್ದಳು. ಕೂಸು ಏಳಲಿ ಅಂತ ಸಾಹೇಬ್ರು ಕಟ್ಟೆಯ ಮೇಲೆ ಕೂತರು. ಕೂಸು ಮರುದಿನ ಎದ್ದಿತು.

ಫಕೀರವ್ವ ಸಾಹೇಬರ ಕಾಲಿಗೆ ಬಿದ್ದಳು. "ಇದೊಂದು ಸಲ ಬಿಡ್ರೀ ಯಪ್ಪಾ! ನೌಕರಿ ಹೋದ್ರ ಹೆಣ್ಣು ಹೋಗತೈತಿ!"

ಸಾಹೇಬ್ರು ಕಡೇ ಮಾತು ಹೇಳಿದರು: "ಕೇಳಲೇ ದ್ಯಾಮ್ಯಾ! ಹಳೇದು ಏನ ಬರಲಿ, ನಂಬರ ಕಟ್ಟು. ಎಷ್ಟು ಹಳೇದು, ಯಾರು ಕೊಟ್ರು, ಬರಿ. ಆಮ್ಯಾಲ ಕೊಟ್ಟವರ ಬಂದು ಅತ್ತರೂ ತಿರುಗಿ ಕೊಡಬ್ಯಾಡ!"

"ಬರೇ ಹಳೇದಕ್ಕೇನ್ರೀ?"

"ಬರೇ ಹಳೇದಕ್ಕೋ!"

ತಿಂಗಳಿಗೆ ಒಂದೇ ದಿನ ಉಳಿದಿತ್ತು. ಚೌಡಪ್ಪ ಮಗಳ ಕೈ ಹಿಡಿದು ಹುಡುಗನನ್ನು ನೋಡಲು ಬಂದ. ಬಿಸಿಲಲ್ಲಿ ನಡೆದು ಸೋತಿದ್ದ. ನೇಕಾರನ ಮನೆಯ ಮಂಚಕ್ಕೆ ಒರಗಿದವನು ಗೊರಕೆ ಹೊಡೆದ.

ದ್ಯಾಮಣ್ಣ ಸಾವಂತ್ರಿಯ ಹತ್ತಿರ ಬಂದ. "ಇವರನ್ನ ಯಾರು ತಂದ್ರು?"

"ನಾನ ಕೈ ಹಿಡದು ಕರಕೊಂಡು ಬಂದೆ."

"ಎಷ್ಟು ವರ್ಷ?"

"ಎಪ್ಪತ್ತೆರಡು."

ಅವಳು ಗಾಣ ನೋಡಿ ಬರುವಷ್ಟರಲ್ಲಿ ಅಪ್ಪನ ಕೊರಳಲ್ಲಿ ಕೆಂಪು ದಾರ, ದಾರಕ್ಕೊಂದು ರಟ್ಟು: 'ನಂ. ೧೧೪. ಮುದುಕ. ಎಪ್ಪತ್ತೆರಡು ವರ್ಷ ಹಳೇದು. ಕೊಟ್ಟವರು: ಸಾವಂತ್ರಿ. ಮುಟ್ಟಬೇಡಿ.'

ಐದು ಹೊಡೆಯಿತು. ದ್ಯಾಮಣ್ಣ ಹುಡುಗಿಯನ್ನು ಹೊರಗೆ ಕಳಿಸಿ, ಮುದುಕನನ್ನು ಒಳಗಿಟ್ಟು ಅಗುಳಿ ಹಾಕಿದ.

ಸುದ್ದಿ ಕೇಳಿ ಓಡಿಬಂದ ಫಕೀರವ್ವ ಹಣೆ ಚಚ್ಚಿಕೊಂಡಳು. "ನಿಂಗ ಹೆಣ್ಣು ಬೇಕಿತ್ತಲೋ, ಮಾವನ್ನ ಇಟಗೊಂಡಿಯಲ್ಲೋ!"

ಸಾವಂತ್ರಿ ಬಿದ್ದು ಬಿದ್ದು ನಕ್ಕಳು. "ಯಪ್ಪಾ, ನೀ ನನ್ನ ಕೊಡೂದಕ್ಕಿಂತ ಮೊದಲ ನಾನ ನಿನ್ನ ಕೊಟ್ಟಂಗಾತಲ್ಲ! ನಂಗ ಈ ಮನಿ ಒಪ್ಪಿಗಿ."

ಕಿಟಕಿಯಿಂದ ಚೌಡಪ್ಪ ಚೀರಿದ: "ಕೊಟ್ಟೆನೋ ಮಾರಾಯಾ, ಮಗಳನ್ನ ಕೊಟ್ಟೆ! ಬಾಗಿಲ ತಗಿ!"

"ಕೇಳಿದೇನೋ!" ಫಕೀರವ್ವ ಕುಣಿದಳು. "ಕೊಟ್ರು! ಲಗೂನ ಹ್ಞೂಂ ಅನ್ನು!"

ದ್ಯಾಮಣ್ಣ ರಿಜಿಸ್ಟರು ತೆರೆದು ಸಾವಂತ್ರಿಯನ್ನು ಕೇಳಿದ: "ನಿನಗೆಷ್ಟು ವರ್ಷ?"

"ಇಪ್ಪತ್ನಾಲ್ಕು."

ರಿಜಿಸ್ಟರು ಮುಚ್ಚಿದ. "ತಗೊಳಾಕ ಬರಂಗಿಲ್ಲವ್ವಾ. ಹಳೇದಾಗಿ ಬಾ."

ಇಷ್ಟೇ. ಒಂದು ಸಣ್ಣ ಸುಳ್ಳು ಸೇರಿತು, ಒಪ್ಪುತ್ತೇನೆ: ದಾರ ಕೆಂಪಿರಲಿಲ್ಲ, ಹಸಿರು. ಅದಕ್ಕೆ ಬೇಕಾದರೆ ಮೀಸೆಯ ಒಂದು ಕೂದಲು ಕಿತ್ತುಕೊಳ್ಳಿ.