ನೀರಿಗಿಳಿದ ಎರಡು ಪೆನ್ಸಿಲ್

ನೀರಿಗೆ ಕರೆಂಟ್ ಕೊಟ್ಟು ಗುಳ್ಳೆ ಎಬ್ಬಿಸುವ ಪ್ರಯೋಗವನ್ನು ಮಕ್ಕಳಿಗೆ ತೋರಿಸುವ ಮೊದಲು ವಾರಿಜಾ ಟೀಚರ್ ಮನೆಯಲ್ಲೇ ಮಾಡಿ ನೋಡಿದರು. ಒಂದು ಉದ್ದ ಪೆನ್ಸಿಲ್, ಒಂದು ಮೋಟು ಪೆನ್ಸಿಲ್. ಎರಡರ ಎರಡೂ ತುದಿ ಹೆರೆದು, ಬ್ಯಾಟರಿಯ ತಂತಿ ಸುತ್ತಿ, ಅಡುಗೆ ಸೋಡಾ ಕದಡಿದ ಲೋಟದ ನೀರಿಗೆ ಇಳಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ.

"ನಾನು ತಳ್ಳುತ್ತಲೇ ಇದ್ದೇನೆ. ನಿಮ್ಮಲ್ಲಿ ಯಾರೋ ದಾರಿ ಬಿಡುತ್ತಿಲ್ಲ," ಎಂದಿತು ಬ್ಯಾಟರಿ.

"ಇನ್ಯಾರು? ಈ ಮೋಟೇ," ಎಂದಿತು ಉದ್ದ ಪೆನ್ಸಿಲ್.

ಟೀಚರಿಗೂ ಹಾಗೇ ಅನ್ನಿಸಿತು. ಮೋಟನ್ನು ಬಿಚ್ಚಿ ಕಸದ ಬುಟ್ಟಿಯತ್ತ ಕೈ ಚಾಚಿದರು.

"ನನ್ನೊಳಗಿನ ಕಪ್ಪು ಕಡ್ಡಿ ಇಡಿಯಾಗಿದೆ," ಎಂದಷ್ಟೇ ಹೇಳಿತು ಮೋಟು.

ಆ ಮಾತು ಉದ್ದ ಪೆನ್ಸಿಲ್‌ಗೆ ಚುಚ್ಚಿತು. ಹಿಂದೊಮ್ಮೆ ಮೇಜಿನಿಂದ ಬಿದ್ದಾಗ ಅದರ ಕಡ್ಡಿ ಒಳಗೇ ತುಂಡಾಗಿತ್ತು; ಕರೆಂಟ್ ಅಲ್ಲೇ ನಿಂತುಬಿಡುತ್ತಿತ್ತು. ಮೇಲಿನ ಬಣ್ಣ ಮಾತ್ರ ಇನ್ನೂ ಹೊಳೆಯುತ್ತಿತ್ತು.

"ನಿಲ್ಲಿ ಟೀಚರ್! ಮುರಿದಿರುವುದು ನಾನು. ಮುರಿದಲ್ಲಿಗೇ ಕತ್ತರಿಸಿ."

"ನೀನೂ ಮೋಟಾಗಿಬಿಡುತ್ತೀಯ," ಎಂದಿತು ಬ್ಯಾಟರಿ.

"ಆಗಲಿ. ಕತ್ತರಿಸಿ."

ಟೀಚರ್ ಕತ್ತರಿಸಿ, ಹೆರೆದು, ಎರಡಕ್ಕೂ ತಂತಿ ಸುತ್ತಿ ಮತ್ತೆ ನೀರಿಗಿಳಿಸಿದರು.

"ಮೆಲ್ಲಗೆ ತಳ್ಳಲೇ?" ಎಂದು ಬ್ಯಾಟರಿ ಕೇಳಿತು.

"ಇದ್ದಷ್ಟೂ ಜೋರಾಗಿ," ಎಂದವು ಎರಡೂ ಮೋಟುಗಳು. ಲೋಟದ ತುಂಬ ಗುಳ್ಳೆ ಎದ್ದಿತು.